ಮಣ್ಣುದಾರಿ ಸವಾರಿ ಪ್ರವಾಸಕ್ಕೆ ಮೋಟಾರ್ ಸೈಕಲ್ ಆಯ್ಕೆ: ಸ್ವಸಹಾಯ ಸಂಘಗಳು ಮತ್ತು ಯುವಕ ಸಂಘಗಳಿಗೆ ಅಧ್ಯಯನ ಲೇಖನ

ಹಾಸನ ಜಿಲ್ಲೆಯ ಮಲೆನಾಡು ಭಾಗದಲ್ಲಿ, ಅದರಲ್ಲೂ ಸಕಲೇಶಪುರ ತಾಲ್ಲೂಕಿನಲ್ಲಿ, ಹೋಂಸ್ಟೇಗಳ ಜೊತೆಗೆ ಜೀಪು ಸವಾರಿಯೂ ಒಂದು ಉದ್ಯೋಗವಾಗಿ ಬೆಳೆದಿರುವುದು ಎಲ್ಲರಿಗೂ ತಿಳಿದ ವಿಷಯ. ಬೆಂಗಳೂರಿನಿಂದ ಸುಮಾರು 220 ಕಿ.ಮೀ. ದೂರದಲ್ಲಿರುವ ಈ ಪ್ರದೇಶಕ್ಕೆ ವಾರಾಂತ್ಯದಲ್ಲಿ ಬರುವವರಲ್ಲಿ ಮೋಟಾರ್ ಸೈಕಲ್ ಸವಾರಿಯನ್ನೇ ಬಯಸಿ ಬರುವವರೂ ಇದ್ದಾರೆ. ತೋಟದ ದಾರಿ, ಹಳೆಯ ಬಂಡಿ ದಾರಿ, ಹುಲ್ಲುಗುಡ್ಡದ ಏರು ಇವುಗಳಲ್ಲಿ ಸ್ಥಳೀಯ ಮಾರ್ಗದರ್ಶಿಯ ಹಿಂದೆ ಅತಿಥಿಗಳು ತಾವೇ ವಾಹನ ಓಡಿಸುವ ಪ್ರವಾಸಕ್ಕೆ ಬೇಡಿಕೆ ಇದೆ. ಇಂತಹ ಉದ್ಯಮವನ್ನು ಸಾಲ ಪಡೆದು ಆರಂಭಿಸಲು ಮುಂದಾಗುವ ಸಂಘಗಳಿಗೂ, ಅವುಗಳ ಅರ್ಜಿಯನ್ನು ಪರಿಶೀಲಿಸುವ ಗ್ರಾಮ ಪಂಚಾಯಿತಿಗಳಿಗೂ ಉಪಯುಕ್ತವಾಗಲೆಂದು ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಇಂತಹ ಉದ್ಯಮದ ಯೋಜನೆ ಹಾಕುವಾಗ ಸಾಮಾನ್ಯವಾಗಿ ಮೊದಲು ಚರ್ಚೆಗೆ ಬರುವುದು ಎಂಜಿನ್ನಿನ ಸಾಮರ್ಥ್ಯ. ನಾನೂರು ಸಿ.ಸಿ.ಗೆ ಕಡಿಮೆಯಾದರೆ ಅತಿಥಿಗಳು ಒಪ್ಪುವುದಿಲ್ಲವೆಂಬ ಊಹೆಯೇ ಇದಕ್ಕೆ ಕಾರಣ. ಆದರೆ ಮಣ್ಣುದಾರಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೇರೆಯೇ ಆಗಿದೆ: ಇಳಿಜಾರಿನಲ್ಲಿ ಬಿದ್ದ ವಾಹನವನ್ನು ಎತ್ತುವವರು ಯಾರು? ಮಣ್ಣುದಾರಿಯಲ್ಲಿ ವಾಹನ ಬೀಳುವುದು ಅಪರೂಪದ ಘಟನೆಯಲ್ಲ. ಹೊಸಬರ ತಂಡವೊಂದರಲ್ಲಿ ದಿನಕ್ಕೆ ಹಲವು ಬಾರಿ ಬೀಳುವುದು ಸಹಜ. ವೇಗ ಕಡಿಮೆ ಇರುವುದರಿಂದ ಹೆಚ್ಚಿನ ಸಲ ಪೆಟ್ಟಾಗುವುದಿಲ್ಲ. ಆದರೆ ಪ್ರತಿ ಬಾರಿಯೂ ಯಾರಾದರೂ ಅದನ್ನು ಎತ್ತಲೇಬೇಕು, ಮತ್ತು ಕೆಲವೊಮ್ಮೆ ಅದರ ಕೆಳಗೆ ಸಿಕ್ಕಿರುವ ಕಾಲನ್ನೂ ಬಿಡಿಸಬೇಕು.

ತೂಕ

ಬಿದ್ದ ಮೋಟಾರ್ ಸೈಕಲನ್ನು ಹ್ಯಾಂಡಲ್ ಹಿಡಿದು ಎತ್ತುವಾಗ ಚಕ್ರಗಳು ನೆಲಕ್ಕೆ ತಾಗಿರುವ ಗೆರೆಯೇ ಕೀಲಾಗಿ ವರ್ತಿಸುತ್ತದೆ. ವಾಹನದ ಗುರುತ್ವಕೇಂದ್ರವು ಆ ಕೀಲಿನಿಂದ ಕೈಯವರೆಗಿನ ದೂರದ ಹೆಚ್ಚುಕಡಿಮೆ ನಡುಭಾಗದಲ್ಲಿರುತ್ತದೆ. ಆದುದರಿಂದ ಸಮತಟ್ಟು ನೆಲದಲ್ಲಿ ಎತ್ತುವವನ ಕೈಗೆ ಬರುವ ಭಾರ ಒಟ್ಟು ತೂಕದ ಸುಮಾರು ಅರ್ಧ. ಹೀರೋ ಎಕ್ಸ್‌ಪಲ್ಸ್ 200 4ವಿ ಮಾದರಿಯ ತೂಕ ಸುಮಾರು 159 ಕೆ.ಜಿ.; ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ತೂಕ 196 ಕೆ.ಜಿ.; ಅದಕ್ಕೂ ಹಿಂದಿನ, 411 ಸಿ.ಸಿ.ಯ ಹಿಮಾಲಯನ್ 199 ಕೆ.ಜಿ. ಅಂದರೆ ಮೊದಲನೆಯದನ್ನು ಎತ್ತಲು 80 ಕೆ.ಜಿ.ಯಷ್ಟು, ಉಳಿದ ಎರಡನ್ನು ಎತ್ತಲು 98ರಿಂದ 100 ಕೆ.ಜಿ.ಯಷ್ಟು ಬಲ ಬೇಕು. ಜಿಲ್ಲೆಯ ಲೆಕ್ಕದಲ್ಲಿ ಹೇಳುವುದಾದರೆ 50 ಕೆ.ಜಿ.ಯ ಕಾಫಿ ಮೂಟೆ ಒಂದೂವರೆಗೂ ಎರಡಕ್ಕೂ ಇರುವ ವ್ಯತ್ಯಾಸ. ಗಟ್ಟಿ ಆಳೊಬ್ಬ ಮೊದಲನೆಯದನ್ನು ತಂತ್ರ ತಿಳಿದಿದ್ದರೆ ಒಬ್ಬನೇ ಎತ್ತಬಲ್ಲ. ಎರಡನೆಯದಕ್ಕೆ ಇಬ್ಬರು ಬೇಕು.

ವಾಹನವು ಇಳಿಜಾರಿನ ಕೆಳಬದಿಗೆ ಬಿದ್ದರೆ ಈ ಲೆಕ್ಕವೂ ಸಾಲದು. ಆಗ ಹ್ಯಾಂಡಲ್ ಚಕ್ರಗಳಿಗಿಂತ ಕೆಳಗಿರುವುದರಿಂದ ವಾಹನವನ್ನು ನೆಟ್ಟಗೆ ನಿಲ್ಲಿಸಲು ಹೆಚ್ಚು ಕೋನ ಎತ್ತಬೇಕಾಗುತ್ತದೆ, ಎತ್ತುವವನ ಕಾಲಿಗೆ ಹಿಡಿತವೂ ಇರುವುದಿಲ್ಲ. ಇಂತಹ ಸಂದರ್ಭದಲ್ಲಿ ವಾಹನವನ್ನು ಮಲಗಿದ ಸ್ಥಿತಿಯಲ್ಲಿಯೇ ತಿರುಗಿಸಿ, ಚಕ್ರಗಳನ್ನು ಕೆಳಬದಿಗೆ ತಂದು, ನಂತರ ಎತ್ತುವುದೇ ಸರಿಯಾದ ಕ್ರಮ. 160 ಕೆ.ಜಿ.ಯ ವಾಹನದಲ್ಲಿ ಇದು ಸಾಧ್ಯ. 200 ಕೆ.ಜಿ.ಯದರಲ್ಲಿ ಇಡೀ ತಂಡ ಇಳಿದು ಬರಬೇಕಾಗುತ್ತದೆ.

ಎರಡು ಮಾದರಿಗಳ ನಡುವಿನ ಸುಮಾರು ನಲವತ್ತು ಕೆ.ಜಿ. ಅಂತರ ಕರಪತ್ರದಲ್ಲಿ ಸಣ್ಣ ಸಂಖ್ಯೆಯಾಗಿ ಕಾಣುತ್ತದೆ. ಮಧ್ಯಾಹ್ನ ಮೂರು ಗಂಟೆಗೆ, ಬೆಳಿಗ್ಗೆಯಿಂದ ಆರು ಬಾರಿ ಬಿದ್ದು ಕೈ ಸೋತ ಅತಿಥಿಗೆ ಅದು ಸಣ್ಣದಾಗಿರುವುದಿಲ್ಲ. ದಣಿದ ಸವಾರನೇ ಮತ್ತೆ ಬೀಳುವವನು; ಪೆಟ್ಟುಗಳು ಹೆಚ್ಚಾಗುವುದು ದಿನದ ಕೊನೆಯ ಭಾಗದಲ್ಲಿ.

ಹಿಮಾಲಯನ್ ಮಾದರಿಯನ್ನು ಇಲ್ಲಿ ತೆಗಳುವ ಉದ್ದೇಶವಿಲ್ಲ. ಡಾಂಬರು ಮತ್ತು ಕಚ್ಚಾ ರಸ್ತೆ ಕೂಡಿದ ದೂರದ ಪಯಣಕ್ಕೆ, ಸಾಮಾನು ಹೇರಿಕೊಂಡು ಹೋಗುವುದಕ್ಕೆ ಅದು ಒಳ್ಳೆಯ ವಾಹನ. ಶಿರಾಡಿ ಘಾಟಿಯಲ್ಲಿ ಇಳಿದು ಕರಾವಳಿಗೆ ಹೋಗಿ ಬರುವ ಪ್ರವಾಸವಾದರೆ ಅದನ್ನೇ ಆಯ್ಕೆ ಮಾಡುವುದು ಯುಕ್ತ. ಹದಿನೈದು ಕಿ.ಮೀ. ದೂರವನ್ನು ಮೂರು ಗಂಟೆಗಳಲ್ಲಿ ಕ್ರಮಿಸುವ ತೋಟದ ದಾರಿಯ ಸವಾರಿ ಬೇರೆ ಕೆಲಸ.

ಆಸನದ ಎತ್ತರ

ಆಸನದ ಎತ್ತರ ಎಕ್ಸ್‌ಪಲ್ಸ್ 200 4ವಿಯಲ್ಲಿ ಸುಮಾರು 825 ಮಿ.ಮೀ., ಹಿಮಾಲಯನ್ 450ರಲ್ಲಿ 825 ಮಿ.ಮೀ. (ಇಪ್ಪತ್ತು ಮಿ.ಮೀ. ತಗ್ಗಿಸಬಹುದು, ಅಷ್ಟೇ ಏರಿಸಬಹುದು), ಹಳೆಯ 411ರಲ್ಲಿ 800 ಮಿ.ಮೀ. ಎಕ್ಸ್‌ಪಲ್ಸ್‌ನ ಪ್ರೊ ಮಾದರಿಯಲ್ಲಿ ಇದು 891 ಮಿ.ಮೀ. ಐದು ಅಡಿ ಮೂರು ಅಂಗುಲದ ವ್ಯಕ್ತಿಯ ಕಾಲಿನ ಒಳ ಅಳತೆ ಬೂಟು ಸೇರಿದರೂ ಸಾಮಾನ್ಯವಾಗಿ 760 ಮಿ.ಮೀ. ದಾಟುವುದಿಲ್ಲ. ಕುಳಿತಾಗ ಸಸ್ಪೆನ್ಷನ್ ಸ್ವಲ್ಪ ಕುಸಿಯುವುದರಿಂದ ಸಮತಟ್ಟು ನೆಲದಲ್ಲಿ ಅವರ ಬೆರಳ ತುದಿ ತಾಗುತ್ತದೆ. ಅಡ್ಡ ಇಳಿಜಾರಿನಲ್ಲಿ ಕಾಲು ಊರಬೇಕಾದ ಬದಿಯಲ್ಲಿ ನೆಲ ಇನ್ನೂ ನಾಲ್ಕು ಬೆರಳು ಕೆಳಗಿದ್ದರೆ ತಾಗುವುದೇ ಇಲ್ಲ, ವಾಹನ ವಾಲುತ್ತದೆ. ಹೊಸಬರ ಬೀಳುವಿಕೆಗಳಲ್ಲಿ ಬಹುಪಾಲು ಹೀಗೆ ನಿಂತಲ್ಲಿಯೇ ಸಂಭವಿಸುವಂಥವು. ವೇಗಕ್ಕೂ ಅವಕ್ಕೂ ಸಂಬಂಧವಿಲ್ಲ.

ಪ್ರೊ ಮಾದರಿಯಲ್ಲಿ ನೆಲದಿಂದ ಎಂಜಿನ್ ತಳದವರೆಗಿನ ಅಂತರ 270 ಮಿ.ಮೀ. ಇದ್ದು, ಸಾಮಾನ್ಯ ಮಾದರಿಯ 220ಕ್ಕಿಂತ ಹೆಚ್ಚು. ಮುಂಭಾಗದ ಸಸ್ಪೆನ್ಷನ್ ಚಲನೆಯೂ 190ರ ಬದಲು 250 ಮಿ.ಮೀ. ಇದನ್ನು ನೋಡಿ ಮಾರ್ಗದರ್ಶಿಗಳಾಗುವ ಯುವಕರು ಆಕರ್ಷಿತರಾಗುವುದು ಸಹಜ. ಈ ನಾಡಿನ ಯುವಕರಿಗೆ ರ‍್ಯಾಲಿ ಕ್ರೀಡೆ ದೂರದ ವಿಷಯವಾಗಿ ಉಳಿದಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರ್ಣಗೊಳಿಸಿದರು, ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ಸಾಧನೆ ಮಾಡಿದರು. ಆದರೆ ವರ್ಷಗಟ್ಟಲೆ ಅಭ್ಯಾಸ ಮಾಡಿದ ಸವಾರರಿಗೆ ಬೇಕಾದ ವಾಹನ ಒಂದು. ಐದು ದಿನ ಗಣಕಯಂತ್ರದ ಮುಂದೆ ಕುಳಿತು ಶನಿವಾರ ಬೆಳಿಗ್ಗೆ ಬಂದ ಅತಿಥಿಗೆ ಬೇಕಾದುದು ಇನ್ನೊಂದು. ವಾಹನ ಕೊಳ್ಳುವುದು ಆ ಅತಿಥಿಗಾಗಿ. ಮಹಿಳಾ ಅತಿಥಿಗಳು ಮತ್ತು ಮಾರ್ಗದರ್ಶಿಗಳಾಗಲು ಮುಂದೆ ಬರುವ ಸ್ತ್ರೀಯರು ಇರುವಲ್ಲಿ ಆಸನದ ಎತ್ತರಕ್ಕೆ ಇನ್ನೂ ಹೆಚ್ಚಿನ ಗಮನ ಅಗತ್ಯ. ಎರಡು ಮೂರು ವಾಹನಗಳ ಆಸನದ ಸ್ಪಂಜನ್ನು ಸ್ಥಳೀಯ ಸೀಟು ಹೊಲಿಯುವವರಿಂದ ಒಂದು ಅಂಗುಲ ಕಡಿಮೆ ಮಾಡಿಸುವುದು ಸಣ್ಣ ಖರ್ಚಿನಲ್ಲಿ ಮುಗಿಯುವ ಕೆಲಸ.

ಶಕ್ತಿ ಮತ್ತು ಗೇರು

ಎಕ್ಸ್‌ಪಲ್ಸ್ 200 4ವಿಯ ಎಂಜಿನ್ ಸುಮಾರು 19 ಅಶ್ವಶಕ್ತಿ ಮತ್ತು 17 ನ್ಯೂಟನ್ ಮೀಟರ್ ಟಾರ್ಕ್ ನೀಡುತ್ತದೆ. ಹಿಮಾಲಯನ್ 450ರಲ್ಲಿ ಎರಡೂ ಸುಮಾರು 40. ಸಂಖ್ಯೆಗಳಲ್ಲಿ ಇಮ್ಮಡಿಗಿಂತ ಹೆಚ್ಚು. ಆದರೆ ಗಂಟೆಗೆ ಹತ್ತು ಹದಿನೈದು ಕಿ.ಮೀ. ವೇಗದಲ್ಲಿ ಕಲ್ಲುಬಿದ್ದ ಏರನ್ನು ಹತ್ತುವಾಗ ಬೇಕಾಗುವುದು ಹಿಂದಿನ ಚಕ್ರಕ್ಕೆ ತಲುಪುವ ನಿಧಾನವಾದ, ನಿಯಂತ್ರಿತ ಎಳೆತ. ಅದು ಎಂಜಿನ್ನಿನಷ್ಟೇ ಗೇರು ಅನುಪಾತವನ್ನೂ ಅವಲಂಬಿಸಿದೆ. ಮುಂದಿನ ಸ್ಪ್ರಾಕೆಟ್‌ನ ಹಲ್ಲುಗಳನ್ನು 13ರಿಂದ 12ಕ್ಕೆ ಇಳಿಸಿದರೆ ಚಕ್ರದ ಎಳೆತ ಶೇ. 8ರಷ್ಟು ಹೆಚ್ಚುತ್ತದೆ, ವಾಹನ ಇನ್ನೂ ನಿಧಾನವಾಗಿ ನಡೆಯಬಲ್ಲದು, ಎಂಜಿನ್ ಆಗಾಗ ನಿಂತುಹೋಗುವುದು ತಪ್ಪುತ್ತದೆ. ಗರಿಷ್ಠ ವೇಗ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಈ ಉದ್ಯಮದಲ್ಲಿ ಅದು ನಷ್ಟವಲ್ಲ. ಹೆಚ್ಚಿನ ಶಕ್ತಿ ಹೊಸಬರ ಕೈಯಲ್ಲಿ ಅಪಾಯಕ್ಕೂ ಕಾರಣವಾಗುತ್ತದೆ. ಉಬ್ಬು ಬಂದಾಗ ಮೈ ಹಿಂದಕ್ಕೆ ಜಗ್ಗಿ, ಕೈ ತಾನಾಗಿಯೇ ಆಕ್ಸಿಲರೇಟರ್ ತಿರುಗಿಸುತ್ತದೆ.

2025ರಲ್ಲಿ ಬಂದ ಎಕ್ಸ್‌ಪಲ್ಸ್ 210 ನೀರಿನಿಂದ ತಂಪಾಗುವ ಎಂಜಿನ್ ಹೊಂದಿದ್ದು, ಸುಮಾರು 24 ಅಶ್ವಶಕ್ತಿ ನೀಡುತ್ತದೆ. ತೂಕ ಸುಮಾರು 170 ಕೆ.ಜಿ. ನಿಧಾನವಾಗಿ ಏರು ಹತ್ತುವಾಗ ಗಾಳಿಯಿಂದ ತಂಪಾಗುವ ಎಂಜಿನ್ ಬಿಸಿಯಾಗುವ ತೊಂದರೆ ಇದರಲ್ಲಿ ಕಡಿಮೆ. ಆದರೆ ರೇಡಿಯೇಟರ್‌ಗೆ ಕಲ್ಲು ಬಡಿಯದಂತೆ ಜಾಲರಿ ಹಾಕಿಸತಕ್ಕದ್ದು. ಕಾವಸಾಕಿ ಕೆಎಲ್ಎಕ್ಸ್ 230 ಇವೆಲ್ಲಕ್ಕಿಂತ ಹಗುರ, 139 ಕೆ.ಜಿ.; ಬಿಡಿಭಾಗ ಮತ್ತು ಸೇವಾ ಕೇಂದ್ರ ಹತ್ತಿರದಲ್ಲಿ ಲಭ್ಯವಿರುವುದನ್ನು ಖಚಿತಪಡಿಸಿಕೊಳ್ಳದೆ ಅದಕ್ಕೆ ಮುಂಗಡ ಕೊಡುವುದು ಸರಿಯಲ್ಲ.

ಚಕ್ರಗಳ ವಿಷಯದಲ್ಲಿ ಹೆಚ್ಚು ವಿವರಣೆ ಬೇಡ: ಮುಂದೆ 21 ಅಂಗುಲ, ಹಿಂದೆ 17 ಅಥವಾ 18 ಅಂಗುಲದ ಕಡ್ಡಿ ಚಕ್ರವೇ ಇರಬೇಕು. ಎರಕದ ಅಲಾಯ್ ಚಕ್ರ ಬಿರುಕು ಬಿಟ್ಟರೆ ಹಳ್ಳಿಯಲ್ಲಿ ದುರಸ್ತಿಯಿಲ್ಲ. ಕಡ್ಡಿ ಚಕ್ರವನ್ನು ಸಕಲೇಶಪುರದಲ್ಲಿಯೇ ಸರಿಮಾಡಿಸಬಹುದು. ಟ್ಯೂಬು ಇರುವ ಟೈರಿನಲ್ಲಿ ಗಾಳಿಯನ್ನು ಮಣ್ಣುದಾರಿಗೆಂದು 18ರಿಂದ 20 ಪಿ.ಎಸ್.ಐ.ಗೆ ಇಳಿಸಿದರೆ ಹಿಡಿತ ಹೆಚ್ಚುತ್ತದೆ, ಅದಕ್ಕಿಂತ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಹರಿಯುತ್ತದೆ. 21 ಅಂಗುಲದ ಟ್ಯೂಬನ್ನು ತುರ್ತಿನಲ್ಲಿ ಹಿಂದಿನ ಚಕ್ರಕ್ಕೂ ಮಡಚಿ ಹಾಕಿ ಮನೆ ಸೇರಬಹುದಾದ್ದರಿಂದ, ಚೀಲದಲ್ಲಿ ಜಾಗವಿಲ್ಲದಿದ್ದರೆ ಅದೊಂದನ್ನೇ ಇಟ್ಟುಕೊಂಡರೂ ನಡೆಯುತ್ತದೆ.

ಎ.ಬಿ.ಎಸ್. ಹಿಂದಿನ ಚಕ್ರಕ್ಕೂ ಇದ್ದಲ್ಲಿ ಅದನ್ನು ನಿಲ್ಲಿಸುವ ಗುಂಡಿ ಇರುವುದನ್ನು ನೋಡಿಕೊಳ್ಳಬೇಕು. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಎ.ಬಿ.ಎಸ್. ಬ್ರೇಕನ್ನು ಬಿಟ್ಟುಬಿಟ್ಟು ಹಿಡಿಯುವುದರಿಂದ ವಾಹನ ನಿಲ್ಲುವ ದೂರ ಹೆಚ್ಚುತ್ತದೆ. ಇದು ತಿಳಿಯದ ಸವಾರ ಗಾಬರಿಗೊಳ್ಳುತ್ತಾನೆ.

ಒಂದೇ ಮಾದರಿ

ಆರು ಅತಿಥಿಗಳ ತಂಡಕ್ಕೆ ಎಂಟು ವಾಹನಗಳು ಬೇಕು. ಮುಂದೆ ಒಬ್ಬ ಮಾರ್ಗದರ್ಶಿ, ಕೊನೆಯಲ್ಲಿ ಒಬ್ಬ. ಕೊನೆಯವನಿಲ್ಲದ ತಂಡದಲ್ಲಿ ಬಿದ್ದವನು ಬಿದ್ದಿದ್ದಾನೆಂಬುದು ಮುಂದಿನವರಿಗೆ ಅರ್ಧ ಗಂಟೆ ಕಳೆದು ತಿಳಿಯುತ್ತದೆ. ಎಂಟೂ ಒಂದೇ ಮಾದರಿಯಾಗಿದ್ದರೆ ಕ್ಲಚ್ ಲಿವರ್, ಬ್ರೇಕ್ ಲಿವರ್, ಕೇಬಲ್, ಗೇರು ಪೆಡಲ್, ಸ್ಪಾರ್ಕ್ ಪ್ಲಗ್, ಚೈನಿನ ಕೊಂಡಿ ಇವುಗಳ ಒಂದೇ ಜೋಡಿ ಸಾಕು. ಕಾಡಂಚಿನಲ್ಲಿ ಅತಿಥಿಯ ವಾಹನದ ಭಾಗವೊಂದು ಮುರಿದರೆ ಮಾರ್ಗದರ್ಶಿಯ ವಾಹನದಿಂದ ಕಳಚಿ ಹಾಕಿ ಅತಿಥಿಯನ್ನು ಕಳುಹಿಸಬಹುದು. ನಾಲ್ಕು ಕಂಪನಿಗಳ ಎಂಟು ವಾಹನ ಕೊಂಡವರಿಗೆ ಈ ಅನುಕೂಲವಿಲ್ಲ. ಅತಿಥಿಗಳ ನಡುವೆ ‘ಅವರಿಗೆ ದೊಡ್ಡದು, ನಮಗೆ ಸಣ್ಣದು’ ಎಂಬ ತಕರಾರೂ ಏಳುವುದಿಲ್ಲ.

ಲಿವರ್‌ಗಳ ಬಿಗಿಯನ್ನು ಸ್ವಲ್ಪ ಸಡಿಲವಾಗಿಟ್ಟರೆ ಬಿದ್ದಾಗ ಅವು ಮುರಿಯುವ ಬದಲು ತಿರುಗಿಕೊಳ್ಳುತ್ತವೆ. ಕೈಗಾಪು ಮತ್ತು ಎಂಜಿನ್ನಿನ ತಳಕ್ಕೆ ದಪ್ಪ ಲೋಹದ ತಗಡು ಕಡ್ಡಾಯ. ಪೇಟೆಯಲ್ಲಿ ಬೆಸುಗೆ ಹಾಕಿಸಿದ ಅಗಲವಾದ ಕಾಲುಗಾಪಿನ ಕಂಬಿಗಳನ್ನು ಹಾಕಿಸದಿರುವುದು ಲೇಸು. ಅವು ವಾಹನವನ್ನು ಕಾಪಾಡುತ್ತವೆ. ಕಲ್ಲಿಗೂ ಕಂಬಿಗೂ ನಡುವೆ ಕಾಲು ಸಿಕ್ಕಿದರೆ ಕಾಲನ್ನು ಕಾಪಾಡುವುದಿಲ್ಲ.

ಸಾಲದ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆಯಲ್ಲಿ ಈ ಸವಾರಿಯನ್ನು ನಿಲ್ಲಿಸಲೇಬೇಕು. ಹಸಿ ಮಣ್ಣಿನಲ್ಲಿ ಚಕ್ರ ಕೊರೆದ ಕಾಲುವೆಯಲ್ಲಿ ನೀರು ಹರಿದು ದಾರಿಯೇ ಕೊಚ್ಚಿಹೋಗುತ್ತದೆ, ಆ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳು ಹಾಗೂ ಹಾಲು ತರುವವರು ನಡೆಯಬೇಕಾಗಿರುತ್ತದೆ. ನವೆಂಬರ್‌ನಿಂದ ಕಾಫಿ ಕೊಯ್ಲು. ತೋಟದ ದಾರಿಗಳಲ್ಲಿ ಆಳುಗಳು ಮತ್ತು ಟ್ರ್ಯಾಕ್ಟರ್‌ಗಳ ಓಡಾಟ ಹೆಚ್ಚು. ಆದುದರಿಂದ ವರ್ಷಕ್ಕೆ 50 ದಿನಗಳ ಸವಾರಿ ಎಂದು ಲೆಕ್ಕ ಹಾಕುವುದು ವಾಸ್ತವಕ್ಕೆ ಹತ್ತಿರ. ಸಾಲದ ಕಂತಾದರೋ ಹನ್ನೆರಡು ತಿಂಗಳೂ ಬರುತ್ತದೆ.

ಉದಾಹರಣೆಗೆ ಒಂದು ವಾಹನಕ್ಕೆ ಎಲ್ಲಾ ಖರ್ಚು ಸೇರಿ ರೂ. 1.75 ಲಕ್ಷ ಎಂದಿಟ್ಟುಕೊಂಡರೆ ಎಂಟಕ್ಕೆ ರೂ. 14 ಲಕ್ಷ. ಮೂರು ವರ್ಷಗಳಲ್ಲಿ ಅಸಲನ್ನು ಮಾತ್ರ ತೀರಿಸಲು ವರ್ಷಕ್ಕೆ ಸುಮಾರು ರೂ. 4.67 ಲಕ್ಷ ಬೇಕು; 50 ದಿನಗಳಿಗೆ ಹಂಚಿದರೆ ದಿನಕ್ಕೆ ರೂ. 9,333, ಆರೂ ಸ್ಥಾನ ಭರ್ತಿಯಾದರೆ ಅತಿಥಿಯೊಬ್ಬರಿಂದ ರೂ. 1,556. ಬಡ್ಡಿ, ಪೆಟ್ರೋಲ್, ವಿಮೆ, ಟೈರು, ಮಾರ್ಗದರ್ಶಿಗಳ ಕೂಲಿ, ತೋಟದ ಮಾಲೀಕರ ಪಾಲು ಇದರ ಮೇಲೆ. ದೊಡ್ಡ ಎಂಜಿನ್ನಿನ ವಾಹನಗಳ ಬೆಲೆ ಹೆಚ್ಚುಕಡಿಮೆ ಇಮ್ಮಡಿ. ಆಗ ಅಸಲಿಗೇ ಅತಿಥಿಯೊಬ್ಬರಿಂದ ರೂ. 3,100 ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಮೋಟಾರ್ ಸೈಕಲ್‌ಗಳಿಗೆ ಸರಕು ಮತ್ತು ಸೇವಾ ತೆರಿಗೆ ಶೇ. 18ಕ್ಕೆ ಇಳಿದಿದ್ದು, ಅದಕ್ಕಿಂತ ದೊಡ್ಡವಕ್ಕೆ ಶೇ. 40 ಆಗಿದೆ, ಅಂತರ ಇನ್ನೂ ಹೆಚ್ಚಿದೆ. ಸಂಘದ ಸದಸ್ಯರು ಒಡವೆ ಅಡವಿಟ್ಟು ಪಾಲು ಹಾಕುವ ಉದ್ಯಮದಲ್ಲಿ ಈ ಗುಣಾಕಾರವನ್ನು ಬ್ಯಾಂಕಿಗೆ ಹೋಗುವ ಮೊದಲು ಸಂಘದ ಸಭೆಯಲ್ಲಿಯೇ ಮಾಡಿ ನಡಾವಳಿಯಲ್ಲಿ ಬರೆಯಿಸುವುದು ಸೂಕ್ತ.

ಕಾನೂನು ಮತ್ತು ದಾರಿ

ವಿದೇಶದಿಂದ ತರಿಸಿದ ಅಥವಾ ಸ್ಪರ್ಧೆಗೆಂದೇ ತಯಾರಾದ, ದೀಪ ಮತ್ತು ನೋಂದಣಿ ಇಲ್ಲದ ಹಗುರ ಡರ್ಟ್ ಬೈಕ್‌ಗಳು ತೂಕದಲ್ಲಿ ಬಹಳ ಅನುಕೂಲ. ಆದರೆ ಮೋಟಾರು ವಾಹನಗಳ ಅಧಿನಿಯಮ, 1988ರ 39ನೇ ಪ್ರಕರಣದಂತೆ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವ ದಾರಿಯಾದರೂ, ಡಾಂಬರಿಲ್ಲದಿದ್ದರೂ, ಸಾರ್ವಜನಿಕ ಸ್ಥಳವೇ ಆಗುತ್ತದೆ. ನಕಾಶೆ ಕಂಡ ಬಂಡಿ ದಾರಿಯೊಂದನ್ನು ದಾಟದೆ ಎರಡು ತೋಟಗಳ ನಡುವೆ ಸವಾರಿ ಮಾಡುವುದು ಈ ಭಾಗದಲ್ಲಿ ವಿರಳ. ಆದುದರಿಂದ ನೋಂದಣಿಯಾದ ವಾಹನಗಳನ್ನೇ ಆರಿಸತಕ್ಕದ್ದು.

ಹಣ ಪಡೆದು ಅತಿಥಿಯ ಕೈಗೆ ವಾಹನ ಕೊಡುವುದು ಬಾಡಿಗೆಯೇ. ಇದಕ್ಕೆ ಅದೇ ಅಧಿನಿಯಮದ 75ನೇ ಪ್ರಕರಣದ ಅಡಿಯ ರೆಂಟ್ ಎ ಮೋಟಾರ್ ಸೈಕಲ್ ಯೋಜನೆ, 1997 ಅನ್ವಯಿಸುತ್ತದೆ; ಪರವಾನಗಿ ಕೋರುವವರಲ್ಲಿ ಕನಿಷ್ಠ ಐದು ವಾಹನಗಳಿರಬೇಕು. ಇಂತಹ ವಾಹನಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಸಂಖ್ಯೆ. ಸ್ವಂತ ಬಳಕೆಯ ಬಿಳಿ ಫಲಕದ ವಾಹನವನ್ನು ಬಾಡಿಗೆಗೆ ಕೊಟ್ಟು ಅಪಘಾತವಾದರೆ, ವಿಮಾ ಕರಾರಿನಲ್ಲಿ ಬಾಡಿಗೆ ಬಳಕೆ ಹೊರತುಪಡಿಸಿರುವುದರಿಂದ ಪರಿಹಾರದ ಹೊರೆ ಸಂಘದ ಸದಸ್ಯರ ತಲೆಯ ಮೇಲೆ ಬೀಳುವ ಸಂಭವವಿದೆ. ಹದಿನಾಲ್ಕು ಲಕ್ಷದ ಉದ್ಯಮಕ್ಕೆ ಅದಕ್ಕಿಂತ ದೊಡ್ಡ ಅಪಾಯ ಬೇರೆ ಇಲ್ಲ. ಗ್ರಾಮ ಪಂಚಾಯಿತಿಯ ಪರವಾನಗಿ ಕೋರಿ ಬಂದ ಅರ್ಜಿಯಲ್ಲಿ ಮೊದಲು ನೋಡಬೇಕಾದ ಕಾಗದವೂ ಇದೇ.

ಮೀಸಲು ಅರಣ್ಯ ಮತ್ತು ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಬಿಸಿಲೆ ಭಾಗದಲ್ಲಿ ತೋಟ ಮುಗಿದು ಕಾಡು ಆರಂಭವಾಗುವ ಗಡಿಯನ್ನು ಹೊರಗಿನವರು ಗುರುತಿಸಲಾರರು, ಮಾರ್ಗದರ್ಶಿ ಗುರುತಿಸಬೇಕು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆಗಳು ಸಂಚರಿಸುತ್ತಿರುವುದರಿಂದ ಅಂದಿನ ಬೆಳಿಗ್ಗೆ ಆನೆ ಕಾರ್ಯಪಡೆಯ ಸಿಬ್ಬಂದಿಯನ್ನು ವಿಚಾರಿಸದೆ ತಂಡ ಹೊರಡಕೂಡದು. ಇದು ವಾಹನದ ಆಯ್ಕೆಗೂ ಸಂಬಂಧಿಸಿದ ವಿಷಯ. ಆನೆ ಎದುರಾದಾಗ ಕಿರಿದಾದ ದಾರಿಯಲ್ಲಿ ವಾಹನವನ್ನು ನಿಂತಲ್ಲಿಯೇ ತಿರುಗಿಸಿ ಹಿಂದಿರುಗಬೇಕಾಗುತ್ತದೆ; ಭಾರವಾದ, ಎತ್ತರದ ವಾಹನದಲ್ಲಿ ಹೊಸ ಸವಾರನಿಗೆ ಅದು ಆಗದ ಕೆಲಸ. ಸೈಲೆನ್ಸರ್ ಬದಲಾಯಿಸಿ ಸದ್ದು ಹೆಚ್ಚಿಸುವುದು ಕಾನೂನಿನ ಪ್ರಕಾರ ದಂಡನೀಯ. ಕಂಪನಿಯ ಸೈಲೆನ್ಸರನ್ನೇ ಉಳಿಸಿಕೊಂಡ ತಂಡಕ್ಕೆ ತೋಟದ ಮಾಲೀಕರು ಉಣುಗೋಲು ತೆರೆಯುತ್ತಾರೆ, ಉಳಿದವರಿಗೆ ಎರಡನೇ ವಾರದಿಂದ ತೆರೆಯುವುದಿಲ್ಲ.

ಕೊಳ್ಳುವ ಮೊದಲಿನ ಪರೀಕ್ಷೆ

ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ, ಆಯ್ಕೆಯ ಎರಡು ಮಾದರಿಗಳನ್ನು ಎರಡು ದಿನಗಳ ಮಟ್ಟಿಗೆ ಪಡೆದು ನಿಜವಾದ ದಾರಿಯಲ್ಲಿಯೇ ಓಡಿಸಿ ನೋಡುವುದು ಅಗತ್ಯ. ವಿತರಕರ ಅಂಗಳದಲ್ಲಿ ಒಂದು ಸುತ್ತು ಹಾಕುವುದು ಪರೀಕ್ಷೆಯಲ್ಲ. ಸಂಘದ ಅತ್ಯಂತ ಗಿಡ್ಡ ಸದಸ್ಯರು ಅಡ್ಡ ಇಳಿಜಾರಿನಲ್ಲಿ ವಾಹನ ನಿಲ್ಲಿಸಿ ಕಾಲು ಊರಬೇಕು. ಏರಿನ ನಡುವೆ ಎಂಜಿನ್ ನಿಲ್ಲಿಸಿ ಮತ್ತೆ ಹೊರಡಬೇಕು. ಮೆತ್ತನೆಯ ಹುಲ್ಲಿನ ಮೇಲೆ ವಾಹನವನ್ನು ಮಲಗಿಸಿ, ಅತ್ಯಂತ ಬಲಶಾಲಿಯಲ್ಲ, ಸಾಧಾರಣ ಮೈಕಟ್ಟಿನ ಒಬ್ಬರು ಐದು ಬಾರಿ ಎತ್ತಬೇಕು. ಐದನೆಯ ಬಾರಿಗೆ ಆಗದಿದ್ದರೆ ಆ ಮಾದರಿಯನ್ನು ಕೈಬಿಡಬಹುದು. ಹಳೆಯ ವಾಹನ ಕೊಳ್ಳುವವರು ಕಡ್ಡಿಗಳ ಬಿಗಿ, ಹ್ಯಾಂಡಲ್ ಬುಡದ ಬೇರಿಂಗ್, ಗಾಳಿ ಶೋಧಕದ ಒಳಗಿನ ಕೆಂಧೂಳು ಇವನ್ನು ನೋಡಬೇಕು, ಮತ್ತು ಅದನ್ನು ಬಾಡಿಗೆ ವರ್ಗಕ್ಕೆ ಬದಲಾಯಿಸಲು ಸಾಧ್ಯವೇ ಎಂದು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಬೇಕು. ಪರೀಕ್ಷೆಯಲ್ಲಿ ಯಾರು ಓಡಿಸಿದರು, ಎಲ್ಲಿ ಬಿದ್ದರು, ಎತ್ತಲು ಎಷ್ಟು ಜನ ಬೇಕಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಸಾಲದ ಪ್ರಸ್ತಾವನೆಯ ಜೊತೆಗೆ ದರಪಟ್ಟಿಯಂತೆಯೇ ಲಗತ್ತಿಸತಕ್ಕದ್ದು.